ಭೂತಾನ್ ಅಡಿಕೆ, ಸಸಿ, ಕಾಗದಪತ್ರ: ಗುಂಪಿನ ಪ್ರಶ್ನೋತ್ತರ

ಶಿರಸಿ ವ್ಯಾಪಾರಿ: ಸರ್, ಭೂತಾನ್ ಗಡಿಯ ಜೈಗಾಂವ್ ಮೂಲಕ ಹಸಿ ಅಡಿಕೆ ತರಿಸಲು ಭೂತಾನಿನ ಆಹಾರ ಪ್ರಾಧಿಕಾರದ ಆರೋಗ್ಯ ಪ್ರಮಾಣಪತ್ರ ಸಾಕಲ್ವಾ? ಒಪ್ಪಂದ ಆಗಿದೆಯಲ್ಲ.

ಸಂಗರೋಧ (ಕ್ವಾರಂಟೈನ್) ತಜ್ಞರು: ಸಾಲದು. 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಜೊತೆಗಿನ ಆಹಾರ ಸುರಕ್ಷತೆಯ ಒಪ್ಪಂದ. ಅದು ತಿನ್ನುವವರಿಗೆ. ತೋಟ ಕಾಯೋದು 2003ರ ಸಸ್ಯ ಸಂಗರೋಧ ಆದೇಶ. ಸರಕಿನಲ್ಲಿ ಸಸ್ಯರೋಗ, ಕೀಟ ಇಲ್ಲ ಅನ್ನೋ ಫೈಟೊಸ್ಯಾನಿಟರಿ ಪ್ರಮಾಣಪತ್ರ ಬೇರೆಯೇ ಬೇಕು, ಅದೂ ಸರಕು ಹೊರಡುವ ಮೊದಲು.

ತೀರ್ಥಹಳ್ಳಿ ಬೆಳೆಗಾರ: ಅದೇ ಲಾರಿಯಲ್ಲಿ ಚೀಲದ ಸಸಿ 200 ಹಾಕಿ ಕೊಡ್ತಾರಂತೆ. ಬ್ರೋಮೈಡ್ ಹೊಗೆ ಕೊಡಿಸಿದ್ರೆ ಆಗುತ್ತಾ?

ಸಂಗರೋಧ ತಜ್ಞರು: ದಯವಿಟ್ಟು ತರಿಸಬೇಡಿ. ತಿನ್ನುವ ಕಾಯಿ ಬೇರೆ, ನೆಡುವ ಸಸಿ ಬೇರೆ. ಆದೇಶದ ಪಟ್ಟಿಯಲ್ಲಿ ಬೆಳೆ, ದೇಶ, ಉದ್ದೇಶ ಮೂರೂ ಕೂಡಿರಬೇಕು. ಇಲ್ಲದಿದ್ದರೆ ಮೊದಲು ಪಿಡುಗಿನ ಅಪಾಯ ವಿಶ್ಲೇಷಣೆ ಆಗಬೇಕು. ಪಟ್ಟಿಯಲ್ಲಿದ್ದರೂ ನೆಡುವುದಕ್ಕೆ ಮುಂಗಡ ಆಮದು ಪರವಾನಗಿ ಬೇಕು. ಚೀಲದ ಮಣ್ಣಿಗಂತೂ ಪ್ರವೇಶವೇ ಇಲ್ಲ. ಬೇರಿನ ಜಂತುಹುಳು, ಶಿಲೀಂಧ್ರ ಬರೋದು ಅದರಲ್ಲೇ. ಇನ್ನು ಹೊಗೆ: ಮೀಥೈಲ್ ಬ್ರೋಮೈಡ್ ಕೀಟ ಕೊಲ್ಲುತ್ತೆ, ಎಳೆ ಸಸಿಯನ್ನೂ ಸುಡುತ್ತೆ. ಹಳದಿ ಎಲೆ ರೋಗ ತರುವ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಾಣು ಇರೋದು ಸಸಿಯ ಆಹಾರನಾಳದೊಳಗೆ, ಅದನ್ನು ಹೊಗೆ ಮುಟ್ಟಲ್ಲ. ಸಸಿ ಹಸಿರಾಗೇ ಕಾಣುತ್ತೆ, ಗರಿ ತುದಿ ಹಳದಿಯಾಗುವ ಹೊತ್ತಿಗೆ ಜಿಗಿಹುಳು ಪಕ್ಕದ ಮರಕ್ಕೆ ದಾಟಿಸಿರುತ್ತೆ.

ಸಾಗರ ಸದಸ್ಯ: *ಫಾರ್ವರ್ಡ್* ಬೇರನ್ನು ಅರಿಸಿನ, ಉಪ್ಪಿನ ನೀರಲ್ಲಿ ಒಂದು ತಾಸು ಅದ್ದಿದರೆ ಯಾವ ರೋಗವೂ ಬರಲ್ಲ.

ಸಂಗರೋಧ ತಜ್ಞರು: ಉಪ್ಪಿನಕಾಯಿ ಹಾಕ್ತಿದ್ದೀರಾ? ಉಪ್ಪು ಬೇರು ಸುಡುತ್ತೆ, ರೋಗ ಉಳಿಯುತ್ತೆ. ಇಂಥದ್ದು ಗುಂಪಿಗೆ ಹಾಕಬೇಡಿ.

ಕೊಪ್ಪ ಬೆಳೆಗಾರ: 2022ರಲ್ಲಿ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಆಮದು ಬೆಲೆಯ ಷರತ್ತು ಬಿಟ್ಟರಲ್ಲ, ಅದನ್ನು ಹೇಳಿ ಮಾರಾಯ್ರೆ! ನಮಗೆ ರೋಗ, ವ್ಯಾಪಾರಿಗೆ ಲಾಭ.

ಶಿರಸಿ ವ್ಯಾಪಾರಿ: ಹಸಿ ಅಡಿಕೆ ಒಣಗಿಸಿ ಸುಲಿದರೆ ಕಾಲುಭಾಗವೂ ಉಳಿಯಲ್ಲ. ಉಳಿದ ಆಮದಿಗೆ 2023ರಿಂದ ಕೆಜಿಗೆ 351 ರೂಪಾಯಿ ಕನಿಷ್ಠ ಬೆಲೆ ಇದೆ. ಲೆಕ್ಕ ಗೊತ್ತಿದ್ದು ಮಾತಾಡಿ.

ಕೊಪ್ಪ ಬೆಳೆಗಾರ: ಲೆಕ್ಕ ನಿಮ್ಮ ಗೋದಾಮಿನಲ್ಲಿ ಇದೆ, ಅಲ್ಲೇ ತೋರಿಸಿ.

ಹೊಸನಗರ ಸದಸ್ಯ: ಜೈಗಾಂವಲ್ಲಿ ಮಾದರಿ ತೆಗೆದ ಮೇಲೆ ಲಾರಿ ಎಷ್ಟು ದಿನ ನಿಲ್ಲುತ್ತೆ ಸರ್?

ಸುಳ್ಯ ಸದಸ್ಯ: ಹೊಗೆ ಹಾಕಿದ ಸರ್ಟಿಫಿಕೇಟ್ ಇದ್ದರೆ ಸಸಿ ಬಿಡ್ತಾರಲ್ವಾ?

ಸಂಗರೋಧ ತಜ್ಞರು: ಇಲ್ಲ. ಮೇಲೆ ಓದಿ.

ಸಾಗರ ಸದಸ್ಯ: ಬರೀ ಅರಿಸಿನ ಆದ್ರೆ?

ಶಿರಸಿ ವ್ಯಾಪಾರಿ: ಗೋದಾಮಿನ ಮಾತು ವಾಪಸ್ ತಗೊಳ್ಳಿ ಮೊದಲು.