ಪದ ಬೇಕು: ಮನೆಯೊಳಗೆ ಬೆಳೆಸಿದ ಗಾಂಜಾ, ಒಣಗಿಸುವುದು, ‘ಕ್ಯೂರಿಂಗ್’

ಧಾರವಾಡದಿಂದ:

ಗೆಳೆಯರೇ, ಅವಸರ ಇದೆ. ಕೆನಡಾ, ಜರ್ಮನಿಗೆ ಓದಲು ಹೊರಟ ನಮ್ಮ ಕಡೆಯ ಹುಡುಗರಿಗೆ ಅಲ್ಲಿನ ಕಾನೂನು ತಿಳಿಸುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಗಾಂಜಾ ಪುಟ ಮುಂದಕ್ಕೆ ಹೋಗುತ್ತಿಲ್ಲ.

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಒಂದು ಮನೆಗೆ ನಾಲ್ಕು ಗಿಡ ಬೆಳೆಸಬಹುದು. ಕ್ವಿಬೆಕ್ ಪ್ರಾಂತ್ಯದಲ್ಲಿ ಅದೂ ಇಲ್ಲ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರೊಬ್ಬರಿಗೆ ಮೂರು ಗಿಡ, ಮನೆಯಲ್ಲಿ ಇಟ್ಟುಕೊಳ್ಳಲು 50 ಗ್ರಾಂ ಒಣ ಮಾಲು. ಇದನ್ನು ಬರೆಯುವಾಗ ‘ಇಂಡೋರ್’, ‘ಬಡ್’, ‘ಕ್ಯೂರಿಂಗ್’, ‘ಹೆಂಪ್’ ಎದುರಾದವು. ಸದ್ಯಕ್ಕೆ ಒಳಾಂಗಣ, ಮೊಗ್ಗು, ಸಂಸ್ಕರಣೆ, ಸೆಣಬು ಅಂತ ಹಾಕಿದ್ದೇನೆ. ಓದಿದರೆ ಸರಿ ಅನ್ನಿಸುತ್ತಿಲ್ಲ.

ಹುಬ್ಬಳ್ಳಿಯಿಂದ:

‘ಒಳಾಂಗಣ’ ತೆಗೆಯಿರಿ. ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ‘ಗಾಂಜಾ’ ಕೂಡ ತೆಗೆಯಿರಿ, ಅದು ಹಿಂದಿಯಿಂದ ಬಂದದ್ದು. ನಮ್ಮ ಹಿರಿಯರು ‘ಭಂಗಿ’ ಅನ್ನುತ್ತಿದ್ದರು. ಅದೂ ಬೇಡವಾದರೆ ‘ಮತ್ತುಸೊಪ್ಪು’ ಅನ್ನಿ. ‘ಹೊಗೆಸೊಪ್ಪು’ ಕಟ್ಟಿದ ನುಡಿಗೆ ಇದು ಕಷ್ಟವೇ?

ಗದಗದಿಂದ:

‘ಭಂಗಿ’ ಅಚ್ಚಗನ್ನಡ ಅಂತ ಯಾರು ಹೇಳಿದರು? ಅದರ ಹಿಂದೆ ಸಂಸ್ಕೃತದ ‘ಭಂಗಾ’ ಇದೆ. ಹಿಂದಿ ಬೇಡ, ಸಂಸ್ಕೃತ ಆಗಬಹುದು ಎನ್ನುವುದಾದರೆ ಒಳಾಂಗಣದ ಮೇಲೇಕೆ ಸಿಟ್ಟು? ಅದಿರಲಿ, ಇದು ಕಾನೂನಿನ ಬರಹ. ನಮ್ಮ ದೇಶದ 1985ರ ಮಾದಕ ವಸ್ತು ಕಾಯ್ದೆ (ಎನ್‌ಡಿಪಿಎಸ್) ನೋಡಿ. ಅದರ ಪ್ರಕಾರ ಗಾಂಜಾ ಅಂದರೆ ಹೂ ಬಿಟ್ಟ ಇಲ್ಲವೇ ಕಾಯಿ ಕಟ್ಟಿದ ತುದಿ. ತುದಿ ಜೊತೆಗಿಲ್ಲದ ಬರಿ ಎಲೆ, ಬರಿ ಬೀಜ ಅದರಲ್ಲಿ ಸೇರುವುದಿಲ್ಲ. ಅಂಟು ಬೇರೆ ಮಾಡಿದರೆ ಚರಸ್. ಜನ ಭಂಗಿ ಅನ್ನುವುದು ಎಲೆಯಿಂದ ಮಾಡಿದ್ದಕ್ಕೆ. ಹೂವಿನ ಬಗ್ಗೆ ಹೇಳುವಲ್ಲಿ ‘ಭಂಗಿ’ ಅಂದರೆ ಅರ್ಥ ಕೆಡುತ್ತದೆ. ‘ಮತ್ತುಸೊಪ್ಪು’ ಅಂದರೂ ಅಷ್ಟೇ. ಸೊಪ್ಪು ಅಂದರೆ ಎಲೆ, ಅಲ್ವಾ?

‘ಮೊಗ್ಗು’ ಕೂಡ ತಪ್ಪು. ಮೊಗ್ಗು ಅಂದರೆ ಇನ್ನೂ ಅರಳದ್ದು. ಇಲ್ಲಿ ಕೊಯ್ಯುವುದು ಹೂವಿನ ಗೊಂಚಲು.

ಇನ್ನು ‘ಸೆಣಬು’ ದಯವಿಟ್ಟು ಬೇಡ. ನಮ್ಮ ರೈತರು ಹಸಿರು ಗೊಬ್ಬರಕ್ಕೆ ಬಿತ್ತುವುದು ಸೆಣಬು. ಗೋಣಿಚೀಲದ ನಾರಿಗೂ ಜನ ಸೆಣಬು ಅನ್ನುತ್ತಾರೆ. ಇಂಗ್ಲಿಷ್‌ನವರು ನಾರು ಕೊಡುವ ಗಿಡ ಕಂಡಲ್ಲೆಲ್ಲ ಹೆಂಪ್ ಅಂದುಬಿಟ್ಟರು. ಪಲ್ಯ ಮಾಡಿ ರೊಟ್ಟಿ ಜೊತೆ ತಿನ್ನುವ ನಮ್ಮ ಪುಂಡಿಗೂ ಅವರ ಹೆಸರು ಡೆಕ್ಕನ್ ಹೆಂಪ್. ಎಲೆ ಗಾಂಜಾದ ಎಲೆಯಂತೆ ಸೀಳಿಕೊಂಡಿರುವುದಕ್ಕೆ ಪುಂಡಿಯ ಸಸ್ಯಶಾಸ್ತ್ರದ ಹೆಸರಿನಲ್ಲೂ ‘ಕ್ಯಾನಬಿನಸ್’ ಸೇರಿಕೊಂಡಿದೆ. ಹಸಿರು ಗೊಬ್ಬರದ ಸೆಣಬು, ಪುಂಡಿ, ಗಾಂಜಾ ಮೂರೂ ಬೇರೆ ಬೇರೆ ಕುಲದ ಗಿಡಗಳು. ‘ಸೆಣಬು ಬೆಳೆದರೆ ಶಿಕ್ಷೆ’ ಅಂತ ಓದಿದ ರೈತ ಏನು ತಿಳಿಯಬೇಕು? ‘ನಾರಿನ ಗಾಂಜಾ ತಳಿ’ ಅಂತ ಬಿಡಿಸಿ ಬರೆಯಿರಿ. ಉದ್ದವಾದರೂ ಯಾರಿಗೂ ಮೋಸವಾಗುವುದಿಲ್ಲ.

ಹುಬ್ಬಳ್ಳಿಯಿಂದ:

ಬಿಡಿಸಿ ಹೇಳುವುದು ಪದವಲ್ಲ, ಸೋಲು. ಮೆಣಸಿನಕಾಯಿ ಅಮೆರಿಕದ ಗಿಡ, ಪೋರ್ಚುಗೀಸರು ತಂದದ್ದು. ಆದರೂ ನಮ್ಮವರು ಕೈಯಲ್ಲಿದ್ದ ‘ಮೆಣಸು’ ಇಟ್ಟುಕೊಂಡೇ ಹೆಸರಿಟ್ಟರು. ಈಗಿನವರಿಗೆ ಆ ಛಲ ಇಲ್ಲ.

ಗದಗದಿಂದ:

ಅದೇ ಪೋರ್ಚುಗೀಸರ ಬಟಾಟೆಯನ್ನು ಧಾರವಾಡದ ಮನೆಮನೆಯಲ್ಲಿ ಹಾಗೇ ಕರೆಯುತ್ತೇವೆ. ನಿಪ್ಪಾಣಿ ಕಡೆ ಹೋಗಿ ‘ಹೊಗೆಸೊಪ್ಪು’ ಅನ್ನಿ, ‘ತಂಬಾಕು’ ಅಂತಲೇ ಉತ್ತರ ಬರುತ್ತದೆ. ಬೆಳೆಯುವವರು, ಮಾರುವವರು ಆಡುವ ಮಾತೇ ಪದ.

ಹಾವೇರಿಯಿಂದ:

ಜಗಳ ಆಮೇಲೆ ಆಡಿ. ಕೇಳಿದವರಿಗೆ ನಾಳೆ ಸಂಜೆ ಗಡುವು.

‘ಸಂಸ್ಕರಣೆ’ ಅಂದರೆ ಕಾರ್ಖಾನೆ ನೆನಪಾಗುತ್ತದೆ. ನಮ್ಮ ಬ್ಯಾಡಗಿ ಕಡೆ ‘ಕ್ಯೂರಿಂಗ್’ಗೆ ಬೇಕಾದ ಮಾತು ಆಗಲೇ ಇದೆ. ಮೆಣಸಿನಕಾಯಿ ಬಿಡಿಸಿ ಮೊದಲು ಗುಡ್ಡೆ ಹಾಕುತ್ತಾರೆ, ಬಣ್ಣ ಒಂದೇ ಸಮ ಬರಲಿ ಅಂತ. ಆಮೇಲೆ ಕಣದಲ್ಲಿ ಹರವಿ ಒಣಹಾಕುತ್ತಾರೆ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಅತಿಯಾಗಿ ಒಣಗಿದರೆ ಮುಟ್ಟಿದಲ್ಲೇ ಪುಡಿ. ನಡುವೆ ಸಿಗುವುದು ಹದ. ತೇವ ಶೇಕಡ 10ರ ಆಸುಪಾಸಿಗೆ ಬಂದರೆ ಚೀಲಕ್ಕೆ ತುಂಬಬಹುದು. ಹಾಗಾಗಿ ‘ಒಣಗಿಸುವುದು’ ಒಂದು, ಒಣಗಿದ್ದನ್ನು ಮುಚ್ಚಿಟ್ಟು ‘ಹದಕ್ಕೆ ತರುವುದು’ ಇನ್ನೊಂದು. ಎರಡನ್ನೂ ಒಂದೇ ಪದದಲ್ಲಿ ತುರುಕಬೇಡಿ. ‘ಒಣಹಾಕು’ ಇಲ್ಲಿ ಹೊಂದುವುದಿಲ್ಲ. ಅದು ನೆಲದ ಮೇಲೆ ಹರವುವ ಮಾತು. ಗಾಂಜಾವನ್ನು ಟೊಂಗೆ ಸಮೇತ ತೂಗುಹಾಕುತ್ತಾರೆ.

ಹಸಿ, ಒಣ ಎಂಬ ಎರಡು ಪದಗಳ ಮೇಲೆ ಜಾಸ್ತಿ ಗಮನ ಇರಲಿ. ಕೆನಡಾದ ಕಾಯ್ದೆಯಲ್ಲಿ 1 ಗ್ರಾಂ ಒಣಗಿದ್ದು 5 ಗ್ರಾಂ ಹಸಿಯದ್ದಕ್ಕೆ ಸಮ. ಮನೆಯಿಂದ ಹೊರಗೆ ಒಯ್ಯಲು ಇರುವ 30 ಗ್ರಾಂ ಮಿತಿ ಒಣಗಿದ್ದರ ಲೆಕ್ಕದ್ದು. ಬರಿ ‘ಗಾಂಜಾ 30 ಗ್ರಾಂ’ ಅಂತ ಬರೆದರೆ ಹುಡುಗರು ತಪ್ಪು ತಿಳಿಯುತ್ತಾರೆ. ನಮ್ಮ ಪತ್ರಿಕೆಗಳೂ ‘ಹಸಿ ಗಾಂಜಾ’, ‘ಒಣ ಗಾಂಜಾ’ ಅಂತ ಬೇರೆ ಮಾಡಿಯೇ ಬರೆಯುತ್ತವೆ.

‘ಒಳಾಂಗಣ’ ಬೇಡ ಎಂದವರ ಮಾತು ನನಗೂ ಸರಿ ಅನ್ನಿಸುತ್ತದೆ. ಕಾರಣ ಮಾತ್ರ ಬೇರೆ. ಕೆನಡಾದ ಕಾನೂನಿನಲ್ಲಿ ಮನೆ ಅಂದರೆ ಅದಕ್ಕೆ ಹೊಂದಿಕೊಂಡ ಅಂಗಳ, ತೋಟವೂ ಸೇರುತ್ತದೆ. ಕಾನೂನು ಹೇಳುವಲ್ಲಿ ‘ವಾಸದ ಮನೆಯಲ್ಲಿ’, ಗೋಡೆಯ ಒಳಗಿನದನ್ನೇ ಹೇಳುವಲ್ಲಿ ‘ಮನೆಯೊಳಗೆ’ ಅಂತ ಹಾಕಿ.

ಹುಬ್ಬಳ್ಳಿಯಿಂದ:

‘ಹದ’ ಒಪ್ಪಿದೆ. ‘ಗಾಂಜಾ’ ಒಪ್ಪಿಲ್ಲ.

ಧಾರವಾಡದಿಂದ:

ಎಲ್ಲರಿಗೂ ಧನ್ಯವಾದ. ಗಾಂಜಾ ಎಂಬ ಪದ ಉಳಿಸಿಕೊಂಡಿದ್ದೇನೆ. ಪೊಲೀಸ್ ಠಾಣೆಯಿಂದ ಹಳ್ಳಿಯ ಕಟ್ಟೆಯವರೆಗೆ ಎಲ್ಲರಿಗೂ ಅದೇ ತಿಳಿಯುವುದು. ಅಚ್ಚಿಗೆ ಹೋಗುವ ಸಾಲುಗಳು ಹೀಗಿವೆ:

‘ವಾಸದ ಮನೆಯಲ್ಲಿ ಬೆಳೆಸಿದ ಗಿಡದ ಹೂಗೊಂಚಲನ್ನು ಒಣಗಿಸಿ, ಹದಕ್ಕೆ ತಂದು ಇಟ್ಟುಕೊಳ್ಳಲು ಇಲ್ಲವೇ ಮನೆಯಿಂದ ಹೊರಗೆ ಒಯ್ಯಲು ಮಿತಿ ಇದೆ. ತೂಕದ ಲೆಕ್ಕ ಒಣಗಿದ್ದಕ್ಕೆ ಬೇರೆ, ಹಸಿಯದ್ದಕ್ಕೆ ಬೇರೆ. ಈ ಸಡಿಲಿಕೆ ಆ ದೇಶಗಳ ಒಳಗೆ ಮಾತ್ರ. ಭಾರತದಲ್ಲಿ ಗಾಂಜಾ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ.’

ಇದರಲ್ಲಿ ಯಾವ ಪದವಾದರೂ ಎಡವಿಸಿದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.