ಅಪ್‌ಡೇಟ್: ಅವ್ವನ ಕಿಮೋ ವಾಂತಿ ಈಗ ಹತೋಟಿಗೆ ಬಂದೈತಿ

ಸಿಸ್‌ಪ್ಲಾಟಿನ್ ಅನ್ನೂ ಕ್ಯಾನ್ಸರಿನ ಕಿಮೋ ಔಷಧ ಕೊಟ್ಟ ಮರುದಿನದಿಂದ ಅವ್ವಗ ವಾಂತಿ ನಿಲ್ಲವಲ್ದು, ಏನ್ ಮಾಡೂದು ಅಂತ ಇಲ್ಲೆ ಕೇಳಿದ್ದೆ. ನೀವು ಹೇಳಿದಂಗ ಯಾವಾಗ, ಎಷ್ಟು ಸಲ ಅಂತ ಬರದು ಬಾಗಲಕೋಟ್ಯಾಗ ಡಾಕ್ಟ್ರಿಗೆ ತೋರಿಸಿದ್ವಿ.

ಈ ಔಷಧದ ವಾಂತಿ ಮೊದಲ 24 ತಾಸಿನಾಗ ಒಂದು ಥರ, ಆಮ್ಯಾಲೆ ನಾಕೈದು ದಿನ ಎಳಿಯೂದು ಇನ್ನೊಂದು ಥರ ಅಂತ ಡಾಕ್ಟ್ರು ಹೇಳಿದ್ರು. ವಾಂತಿ ತಡಿಯೂ ಒಂಡಾನ್ಸೆಟ್ರಾನ್ ಮೊದಲನೇದಕ್ಕ ಚಲೋ, ಎರಡನೇದಕ್ಕ ಅದೊಂದ ಸಾಲೂದಿಲ್ಲ. ಅದಕ್ಕ ಈ ಸಲ ಕಿಮೋ ಹಚ್ಚೂಕಿಂತ ಮೊದಲ ಅದರ ಜೋಡಿ ವಾಂತಿ ತಡಿಯೂ ಇನ್ನೊಂದು ಔಷಧ ಅಪ್ರೆಪಿಟೆಂಟ್ 125 ಮಿ.ಗ್ರಾಂ, ಮುಂದಿನ ಎರಡು ದಿನ 80 ಮಿ.ಗ್ರಾಂ; ಮತ್ತ ಡೆಕ್ಸಾಮೆಥಾಸೋನ್ (ಸ್ಟೀರಾಯ್ಡ್), ರಾತ್ರಿ ಒಲಾಂಜಪಿನ್ ಕೊಟ್ರು, ಇವೂ ವಾಂತಿ ತಡಿಯಾಕನ. ವಾಂತಿ ಬಂದ ಮ್ಯಾಲೆ ಅಲ್ಲ, ಬರೂಕಿಂತ ಮೊದಲ ನುಂಗಬೇಕು. ಇದನ್ನ ನಮಗ ಯಾರೂ ಬಿಡಿಸಿ ಹೇಳಿರಲಿಲ್ಲ ನೋಡ್ರಿ.

ವಾಂತಿ ನಿಂತೈತಿ. ಹೊಟ್ಟಿ ತೊಳಸೂದು ಇನ್ನೂ ಸ್ವಲ್ಪ ಐತಿ. ಒಗ್ಗರಣಿ ವಾಸನಿ ಬಂದ್ರ ಸಾಕು, ಮುಖ ತಿರಗಸ್ತಾಳ. ಆರಿದ ಜ್ವಾಳದ ನುಚ್ಚು, ಮಜ್ಜಿಗಿ ಸ್ವಲ್ಪ ಸ್ವಲ್ಪ ಹೋಗ್ತಾವು. ಶುಂಠಿ ಹಿಡಸಲಿಲ್ಲ, ಸಲಹೆ ಕೊಟ್ಟವರು ಬ್ಯಾಸರ ಮಾಡ್ಕೋಬ್ಯಾಡ್ರಿ.

ಒಲಾಂಜಪಿನ್‌ಗೆ ಮಧ್ಯಾಹ್ನದ ತನಕ ನಿದ್ದಿಗಣ್ಣು, ಎದ್ದು ನಡಿಯೂವಾಗ ಕೈ ಹಿಡೀಬೇಕು. ಒಂಡಾನ್ಸೆಟ್ರಾನ್‌ಗೆ ಮಲಬದ್ಧತೆ ಆತು. ಡೆಕ್ಸಾಮೆಥಾಸೋನ್ ಶುಗರ್ ಏರಸತೈತಿ. ಶುಗರ್ ಇದ್ದವರು ಮೊದಲ ಡಾಕ್ಟ್ರಿಗೆ ಹೇಳ್ರಿ, ನಮ್ಮ ಚೀಟಿ ನೋಡಿ ಗುಳಿಗಿ ತಗೋಬ್ಯಾಡ್ರಿ.