ಭತ್ತದ ಗದ್ದೆಯ ಹೆಗ್ಗಣದಲ್ಲಿ ಇಲಿಜ್ವರ, ಸ್ಕ್ರಬ್ ಟೈಫಸ್ ಪತ್ತೆ: ಸ್ಯಾಂಪಲ್ ಹೇಗೆ ತೆಗೆಯಬೇಕು?

ಎಡದಂಡೆ_ಸಿಂಧನೂರು:
ನಮಸ್ಕಾರರೀ. ಸಿಂಧನೂರು–ಕಾರಟಗಿ ಕಡೆಯ ಭತ್ತದ ಗದ್ದೆ ಮತ್ತು ಅಕ್ಕಪಕ್ಕದ ಊರುಗಳಲ್ಲಿ ಇಲಿ, ಹೆಗ್ಗಣ ಹಿಡಿದು ಲೆಪ್ಟೊಸ್ಪೈರಾ (ಇಲಿಜ್ವರದ ರೋಗಾಣು), ಸ್ಕ್ರಬ್ ಟೈಫಸ್ ನೋಡಬೇಕಿದೆ. ಪ್ರಾಣಿ ನೀತಿ ಸಮಿತಿಯ ಅನುಮತಿ ಸಿಕ್ಕಿದೆ. 40 ಬೋನು, ಮೂವರು, ಒಂದು ಐಸ್ ಬಾಕ್ಸ್. ಲ್ಯಾಬ್ ರಾಯಚೂರಿನಲ್ಲಿ. ಎರಡು ರಾತ್ರಿಗೆ ಬಿದ್ದದ್ದು ನಾಲ್ಕೇ. ಒಂದೊಂದು ಪ್ರಾಣಿಯಿಂದ ಏನೇನು ತೆಗೆಯಬೇಕು, ಯಾವುದರಲ್ಲಿ ಇಡಬೇಕು? ಎಷ್ಟು ನೋಡಿದರೆ "ಸೋಂಕಿಲ್ಲ" ಅನ್ನಬಹುದು?

ಬದು_ಬಿಲ:
80 ಬೋನು-ರಾತ್ರಿಗೆ 4 ಅಂದರೆ ಶೇ. 5. ಹೊಸ ಬೋನಿಗೆ ಇದು ಕಡಿಮೆಯೇನಲ್ಲ. ಹೊಸ ವಸ್ತು ಕಂಡರೆ ಇಲಿ ಹತ್ತಿರ ಸುಳಿಯುವುದಿಲ್ಲ. ಎರಡು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ ತಿಂಡಿ ಮಾತ್ರ ಇಡಿ, ಮೂರನೇ ಸಂಜೆ ಸೆಟ್ ಮಾಡಿ. ಹುರಿದ ಶೇಂಗಾ, ಒಣಕೊಬ್ಬರಿ ಚೂರು ಸಾಕು. ಬೆಲ್ಲ ಬೇಡವೇ ಬೇಡ. ಇರುವೆ ಮುತ್ತಿ ತಿಂಡಿಯನ್ನೂ ಬಿಡುವುದಿಲ್ಲ, ಒಳಗೆ ಬಿದ್ದ ಇಲಿಯನ್ನೂ ಬಿಡುವುದಿಲ್ಲ.

ಬದುವಿನ ಉದ್ದಕ್ಕೂ ಅಂದಾಜಿನಲ್ಲಿ ಇಡುತ್ತಾ ಹೋಗಬೇಡಿ. ಸಂಜೆ ಬಿಲದ ಬಾಯಿಗೆಲ್ಲ ಕೆಸರು ಮೆತ್ತಿ. ಬೆಳಿಗ್ಗೆ ಕೆಸರು ಒಡೆದಿದ್ದರೆ, ಇಲ್ಲವೇ ಹಸಿ ಪುಡಿಮಣ್ಣಿನ ಗುಪ್ಪೆ ಎದ್ದಿದ್ದರೆ ಒಳಗೆ ಪ್ರಾಣಿ ಇದೆ, ಬೋನು ಅಲ್ಲಿಗೆ. ಹೊತ್ತು ಮೂಡುವ ಮುಂಚೆ ಎತ್ತಿಬಿಡಿ. ನಮ್ಮ ಕಡೆಯ ಬಿಸಿಲಿಗೆ ತಗಡಿನ ಬೋನು ಒಲೆಯಾಗುತ್ತದೆ. ವಿಷ ಇಟ್ಟು ಸಾಯಿಸಿದ ಇಲಿ ಈ ಕೆಲಸಕ್ಕೆ ಬರುವುದಿಲ್ಲ.

ಸೀರಣಿಗೆ:
ಕ್ರಮ ತಪ್ಪಬಾರದು: ಮೊದಲು ಮೈಮೇಲಿನ ಹುಳ, ಆಮೇಲೆ ರಕ್ತ, ಕೊನೆಗೆ ಅಂಗ. ಮೈ ತಣ್ಣಗಾಗುತ್ತಿದ್ದ ಹಾಗೆ ಚಿಗಟಗಳು ಇಳಿದು ಹೋಗುತ್ತವೆ. ಪೂರ್ಣ ಅರಿವಳಿಕೆ ಕೊಟ್ಟು, ಬಿಳಿ ತಟ್ಟೆಯ ಮೇಲಿಟ್ಟು, ಹೇನು ತೆಗೆಯುವ ಸೀರಣಿಗೆಯಿಂದ ಬಾಚಿ.

ಸ್ಕ್ರಬ್ ಟೈಫಸ್‌ಗೆ ಮುಖ್ಯವಾದದ್ದು ಕಿವಿ. ಕಿವಿಯೊಳಗೆ ಖಾರದಪುಡಿ ಉದುರಿಸಿದಂತೆ ಕಿತ್ತಳೆ ಚುಕ್ಕಿಗಳ ಗುಂಪು ಕಂಡರೆ ಅವು ಚಿಗ್ಗರ್, ಅಂದರೆ ಸ್ಕ್ರಬ್ ಟೈಫಸ್ ಹರಡುವ ಮೈಟ್‌ನ ಮರಿ. ಸಣ್ಣ ಬ್ರಷ್‌ನಿಂದ ಕೆರೆದು ಶೇ. 70ರ ಆಲ್ಕೋಹಾಲ್‌ಗೆ ಹಾಕಿ. ಒಟ್ಟು ಚಿಗ್ಗರ್‌ಗಳನ್ನು ಪರೀಕ್ಷಿಸಿದ ಒಟ್ಟು ಪ್ರಾಣಿಗಳಿಂದ ಭಾಗಿಸಿ. ಒಂದೂ ಇಲ್ಲದ ಪ್ರಾಣಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸರಾಸರಿ 0.69 ದಾಟಿದರೆ ಎಚ್ಚರಿಕೆಯ ಮಟ್ಟ. ಬೋನಿಗೆ ಸೊಂಡಿಲಿ ಬಿದ್ದರೆ ಬಿಸಾಡಬೇಡಿ. ಅದು ಇಲಿಯ ಜಾತಿಯಲ್ಲ, ಆದರೆ ಊರೊಳಗೆ ಚಿಗ್ಗರ್ ಹೊತ್ತು ತಿರುಗುವುದು ಬಹುಪಾಲು ಅದೇ. ಅದರ ಲೆಕ್ಕ ಬೇರೆ ಬರೆದಿಡಿ.

ರಕ್ತ 1 ಮಿ.ಲೀ. ಸಾಕು. ತೆಗೆದ ಕೂಡಲೇ ಐಸ್‌ಗೆ ಇಡುವುದೇ ಎಲ್ಲರೂ ಮಾಡುವ ತಪ್ಪು. ಅರ್ಧ-ಮುಕ್ಕಾಲು ತಾಸು ನೆರಳಲ್ಲಿ ನೆಟ್ಟಗೆ ನಿಲ್ಲಿಸಿ, ಹೆಪ್ಪುಗಟ್ಟಲಿ. ಮೇಲೆ ನಿಂತ ತಿಳಿ (ಸೀರಮ್) ಬೇರ್ಪಡಿಸಿ, ಆಮೇಲೆ ಐಸ್. ಹಸಿ ರಕ್ತವನ್ನೇ ಜೀಪಿನಲ್ಲಿ ಕುಲುಕಿಸಿಕೊಂಡು ಹೋದರೆ ರಕ್ತಕಣ ಒಡೆದು ಸೀರಮ್ ಕೆಂಪಾಗುತ್ತದೆ.

ಲೆಪ್ಟೊಸ್ಪೈರಾ ನೆಲೆಸುವುದು ಮೂತ್ರಪಿಂಡದಲ್ಲಿ. ಒಂದನ್ನು ಡಿಎನ್‌ಎ ಹುಡುಕುವ ಪಿಸಿಆರ್‌ಗೆಂದು ಶೇ. 95ರ ಎಥನಾಲ್‌ಗೆ ಹಾಕಿ, ಇನ್ನೊಂದರ ಚೂರನ್ನು ಸ್ಟೆರೈಲ್ ಆಗಿ, ಲೆಪ್ಟೊಸ್ಪೈರಾ ಬೆಳೆಸುವ ಇಎಂಜೆಎಚ್ ಮಾಧ್ಯಮಕ್ಕೆ. ಮಾಧ್ಯಮವನ್ನು ಐಸ್‌ನಲ್ಲಿ ಇಡಬೇಡಿ, ಅದಕ್ಕೆ ಬೇಕಾದ್ದು 28–30 ಡಿಗ್ರಿ. ವಾರಕ್ಕೊಮ್ಮೆ ಡಾರ್ಕ್‌ಫೀಲ್ಡ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಮೂರು ತಿಂಗಳು ಕಾಯಬೇಕು. ಸೀರಮ್‌ನ ಎಂಎಟಿ (ಪ್ರತಿಕಾಯ ನೋಡುವ ಪರೀಕ್ಷೆ) ಒಂದನ್ನೇ ನಂಬಬೇಡಿ: ಮೂತ್ರದಲ್ಲಿ ರೋಗಾಣು ಚೆಲ್ಲುವ ಎಷ್ಟೋ ಹೆಗ್ಗಣಗಳು ಅದರಲ್ಲಿ ನೆಗೆಟಿವ್ ಬರುತ್ತವೆ.

ಲೆಕ್ಕ_ಪಕ್ಕಾ:
"ಸೋಂಕಿಲ್ಲ" ಅನ್ನುವುದು ಕಷ್ಟ. 100ರಲ್ಲಿ 5ಕ್ಕೆ ಸೋಂಕಿದ್ದರೆ, ಒಂದಾದರೂ ಸಿಕ್ಕೇ ಸಿಗುತ್ತದೆಂದು ಶೇ. 95 ಭರವಸೆಯಿಂದ ಹೇಳಲು 59 ಪ್ರಾಣಿ ನೋಡಬೇಕು. ಶೇ. 10 ಇದ್ದರೆ 29. ಅದೂ ಪರೀಕ್ಷೆ ಎಂದೂ ತಪ್ಪುವುದಿಲ್ಲ ಎಂದುಕೊಂಡರೆ. ಹನ್ನೆರಡು ನೋಡಿ ಕೈ ತೊಳೆದುಕೊಂಡರೆ, ಶೇ. 10 ಸೋಂಕಿದ್ದರೂ ಎಲ್ಲವೂ ನೆಗೆಟಿವ್ ಬರುವ ಸಾಧ್ಯತೆ ಶೇ. 28. ಗದ್ದೆಯದು, ಊರಿನದು ಕೂಡಿಸಿ 59 ಮಾಡಬೇಡಿ, ಎರಡೂ ಬೇರೆ ಬೇರೆ.

ಮೂವರಿಗೂ ಎರಡು ಜೊತೆ ಗ್ಲೌಸ್, ಎನ್95 ಮಾಸ್ಕ್, ಗಂಬೂಟು ಇರಲೇಬೇಕು. ಕೈಯಲ್ಲಿ ಗಾಯ ಇದ್ದವರು ಅವತ್ತು ಬರೆಯುವ ಕೆಲಸ ಮಾಡಲಿ. ಬೋನನ್ನು ಸೋಪಿನಲ್ಲಿ ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಒಣಗಿದರೆ ಲೆಪ್ಟೊಸ್ಪೈರಾ ಬದುಕುವುದಿಲ್ಲ. ಫಿನಾಯಿಲ್ ವಾಸನೆ ಉಳಿದರೆ ಇಲಿ ಬರುವುದು ಅನುಮಾನ.

ಎಡದಂಡೆ_ಸಿಂಧನೂರು:
ಮೊದಲ ನಾಲ್ಕರ ಮೂತ್ರಪಿಂಡ ಫಾರ್ಮಲಿನ್‌ನಲ್ಲಿ ಇಟ್ಟಿದ್ದೇವೆ. ಕೆಟ್ಟವೇ?

ಸೀರಣಿಗೆ:
ಕಲ್ಚರ್‌ಗೆ (ರೋಗಾಣು ಬೆಳೆಸಲು) ಇನ್ನು ಬರುವುದಿಲ್ಲ. ಪಿಸಿಆರ್‌ಗೂ ನಂಬಿಕೆಯಿಲ್ಲ, ಫಾರ್ಮಲಿನ್ ಡಿಎನ್‌ಎ ತುಂಡು ಮಾಡುತ್ತದೆ. ಎಸೆಯಬೇಡಿ, ಬೆಳ್ಳಿಯ ಸ್ಟೇನ್ ಹಾಕಿ ಸ್ಲೈಡ್ ನೋಡಬಹುದು. ಆ ನಾಲ್ಕರ ಸೀರಮ್ ಇದ್ದರೆ ಎಂಎಟಿಗೆ ಕಳಿಸಿ.